ಗ್ಲಾಸಿನ ತಳದ ಒಂದು ಗುಟುಕು

ಸಹನಾ, ಬಸೂ, ಮಾತನ್ನು ಚಹಾದ ಗ್ಲಾಸಿನಲ್ಲಿ ಅಳೆಯುತ್ತಿದ್ದ ಒಬ್ಬರನ್ನು ನಾನು ನೋಡಿದ್ದೇನೆ. ರಾಯಚೂರಿನಲ್ಲಿ ನಮ್ಮ ಗೋಡೆಯಾಚೆ ಇದ್ದ ಖಾದರ್ ಸಾಹೇಬರು. ಮಾನ್ವಿ ರಸ್ತೆಯ ಅಕ್ಕಿ ಗಿರಣಿಯಲ್ಲಿ ನಿಮ್ಮ ಮುತ್ಯಾ, ನನ್ನ ಯಜಮಾನರು, ಬಾಯ್ಲರ್ ಕಾಯುತ್ತಿದ್ದರು; ಸಾಹೇಬರು ಅಲ್ಲೇ ಎಂಜಿನಿಯರು. ಗಿರಣಿಯ ರಿಪೋರ್ಟುಗಳೆಲ್ಲ ಇಂಗ್ಲಿಷಿನಲ್ಲೇ ಹೋಗಬೇಕು. ಹಾಗಾಗಿ ಗಿರಣಿಗೆ ಸೇರಿದ ದೇವದುರ್ಗದ ಕಡೆಯ ಹುಡುಗರನ್ನು ಸಂಜೆ ಅಂಗಳದಲ್ಲಿ ಕೂಡಿಸಿಕೊಂಡು ಇಂಗ್ಲಿಷ್ ಕಲಿಸುತ್ತಿದ್ದರು. ನಾನು ಈಚೆ ಕೂತು ಜೋಳ ಹಸನು ಮಾಡುತ್ತ ಕೇಳುತ್ತಿದ್ದೆ.

"ಮೋಟಾರು ಸುಟ್ಟದ್ದು ಕಣ್ಣಾರೆ ಕಂಡೀರೇನು? ಹಂಗಾದ್ರ 'ಇಸ್' ಬರೀರಿ, ಗ್ಲಾಸ್ ತುಂಬ ಚಾ. ಗುರುತು ಸಿಕ್ಕಾವ, ಆದ್ರ ಕಂಡಿಲ್ಲ? 'ಲೈಕ್ಲಿ', ಮುಕ್ಕಾಲು. ಬರೇ ಅನುಮಾನ? 'ಮೈಟ್', ಇದ್ರೂ ಇರಬಹುದು," ಎಂದು ತಳದಲ್ಲಿ ಒಂದು ಗುಟುಕು ಉಳಿಸಿ ತೋರಿಸುವರು.

"ಪಾಠ ನಮಗ, ಚಾ ನಿಮಗೇನ್ರೀ ಸಾಹೇಬ್ರ?" ಎಂದು ಹುಡುಗರು ನಗುವರು.

ಕಲ್ಲೂರಿನ ಕನ್ನಡ ಶಾಲೆಯಲ್ಲಿ ಕಲಿತ ನನಗೆ ಇಂಗ್ಲಿಷ್ ತಿಳಿಯದು. ಗ್ಲಾಸು ತಿಳಿಯುತ್ತಿತ್ತು.

ಒಂದು ದಿನ ಬಾಯ್ಲರಿನ ಪೈಪು ಒಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಗಿರಣಿಯ ಮ್ಯಾನೇಜರು ಸಾಹೇಬರ ಅಂಗಳಕ್ಕೇ ಬಂದರು.

"ರಿಪೋರ್ಟಿನ್ಯಾಗ ಬಾಯ್ಲರ್‌ನವ ಮಲಗಿದ್ದ ಅಂತ ಬರೀರಿ. ಅವನ್ನ ಕೆಲಸದಿಂದ ತೆಗೀತೀವಿ."

"ನೀವು ನೋಡೀರೇನು?"

"ನೋಡೋದೇನ್ರೀ, ಮತ್ತೇನಾಗಿರ್ತದ?"

ಸಾಹೇಬರು ಅವರ ಗ್ಲಾಸಿಗೆ ಒಂದೇ ಗುಟುಕು ಚಹಾ ಸುರಿದರು. "ನಿಮ್ಮ ಮಾತಿಗೆ ಇಷ್ಟೇ ಬರ್ತದ."

ಸಾಹೇಬರೆದುರು ಎಂದೂ ಬಾಯಿ ತೆರೆಯದ ನಾನು, ಮ್ಯಾನೇಜರು ಹೋದ ಮೇಲೆ ಗೋಡೆಗೆ ಬಂದು ನಿಂತೆ. "ನಮ್ಮವ್ರು ಮಲಗಿದ್ದಿಲ್ಲ. ಹಂಗಂತ ಬರೀರಿ ಯಪ್ಪಾ."

"ಯವ್ವಾ, ಅದನ್ನೂ ನಾ ನೋಡಿಲ್ಲ."

ನಾನು ತಿರುಗಿ ಒಳಗೆ ನಡೆದೆ.

ಮರುದಿನ ಸಾಹೇಬರೇ ಕೂತು ಉಗಿ ಹೊರಬಿಡುವ ವಾಲ್ವು ಬಿಚ್ಚಿದರಂತೆ. ನೀರಿನ ಸುಣ್ಣ ಒಳಗೆ ಕಲ್ಲಾಗಿ ಕೂತಿತ್ತು. ವಾಲ್ವು ಕಚ್ಚಿಕೊಂಡು ಒತ್ತಡ ಏರಿ ಪೈಪು ಒಡೆದದ್ದಕ್ಕೆ 'ಲೈಕ್ಲಿ', ಕಾಯುವವನ ತಪ್ಪಿಗೆ 'ಮೈಟ್' ಎಂದು ಬರೆದರು. ಇದನ್ನೆಲ್ಲ ಮುತ್ಯಾ ಮನೆಗೆ ಬಂದು ಹೇಳಿದರು. ಕೆಲಸ ಉಳಿದಿತ್ತು. ನೆರೆಯವರೆಂದು ಸಾಹೇಬರು ಒಂದು ಹನಿಯನ್ನೂ ಹೆಚ್ಚು ಸುರಿದಿರಲಿಲ್ಲ. ಅದಕ್ಕೇ ಆ ಕಾಗದವನ್ನು ಎಲ್ಲರೂ ನಂಬಿದರು. ಮನುಷ್ಯ ಇಷ್ಟು ನೆಟ್ಟಗೆ ಇರಬಲ್ಲನೇ ಎಂದು ನನಗೆ ಇಂದಿಗೂ ಬೆರಗು.

ಮುತ್ಯಾ ತೀರಿಕೊಂಡ ಮರುವರ್ಷ ಸಾಹೇಬರು ಆಪರೇಷನ್ನಿಗೆಂದು ಹೈದರಾಬಾದಿಗೆ ಹೊರಟರು. ಚಹಾ ಕೊಟ್ಟು ಕೇಳಿದೆ: "ಆರಾಮಾಗಿ ಬರ್ತೀರಲ್ರೀ?"

ಹೂಂ ಎಂದಿದ್ದರೆ ನನಗೆ ಸಾಕಿತ್ತು. ಅವರು ನಗುತ್ತ ಕುಡಿದು ಗ್ಲಾಸು ಕೈಗಿತ್ತರು. ತಳದಲ್ಲಿ ಒಂದು ಗುಟುಕಿತ್ತು.

ಅವರು ಬರಲಿಲ್ಲ.

ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ನಾನು ಕಣ್ಣಾರೆ ಕಂಡ ಆ ಮನುಷ್ಯ ಇವುಗಳಲ್ಲಿದ್ದಾರೆ, ಗ್ಲಾಸು ತುಂಬ.