ನಮ್ಮ ಡ್ರಮ್ಮರ್ ಹೋದ ದಿನ

ನಂಬದೆ ಇರಿ, ನೋಡೋಣ. ಒಂದು ವಿಲಾಯತಿ ರಾಕ್ ಬ್ಯಾಂಡಿತ್ತು; ಅದನ್ನು ದೇವದುರ್ಗದಲ್ಲಿ ನನ್ನಷ್ಟು ಕೇಳಿದವರು ಇನ್ನೊಬ್ಬರಿಲ್ಲ. ಹಾಡುಗಾರ ಚೀರುತ್ತಿದ್ದ, ಗಿಟಾರಿನವರಿಬ್ಬರು ಮೆರೆಯುತ್ತಿದ್ದರು. ಹಿಂದೆ ಕೂತ ಡ್ರಮ್ಮರ್ ಮೂವರ ಲಗಾಮನ್ನೂ ಹಿಡಿದಿದ್ದ. ಅವನು ಸತ್ತ ಸುದ್ದಿ ಮೊಬೈಲಿನಲ್ಲಿ ಬಂದ ಬೆಳಿಗ್ಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬೆರಳುಗಳು ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದವು.

"ನಮ್ಮ ಡ್ರಮ್ಮರ್ ಹೋಗಿಬಿಟ್ಟ," ಎಂದೆ ಹೆಂಡತಿಗೆ.

"ಹೋದ ವರ್ಷ ನೀವೇ ಸತ್ತು ಹೋಗೀರಿ ಅಂತ ಮಾನ್ವಿ ಬೀಗರಿಗೆ ಸುಳ್ಳ ಫೋನ್ ಮಾಡ್ಸಿದ್ರಿ. ಈಗ ಯಾರು ನಂಬಬೇಕ್ರಿ?"

"ಈ ಸಲ ಖರೇನ ಹೇಳಾಕತ್ತೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಒಲೆ ಆರಿಸಿದಳು. ಸಾವಾದ ಮನೆಯಲ್ಲಿ ಅಡುಗೆ ಮಾಡುವುದಿಲ್ಲವಲ್ಲ! ಪಕ್ಕದ ಮನೆಯವರು ರೊಟ್ಟಿ ತಂದರು. ನಾಲ್ಕು ತಿಂದೆ.

ಇಷ್ಟರಲ್ಲಿ ಸುಳ್ಳು ಒಂದೇ, ನಾಲ್ಕು ತಿಂದೆ ಅಂದದ್ದು: ಒಂದು ರೊಟ್ಟಿಯೂ ಗಂಟಲಲ್ಲಿ ಇಳಿಯಲಿಲ್ಲ.