ಹಸಿದ ಯೀಸ್ಟು ಹಿಂದಿರುಗಿದ ಭಾನುವಾರ

ಹಿಂದಿರುಗುವ ಮಾತೇ ಇಲ್ಲ ಎಂದು ನನ್ನ ಹೆಂಡತಿ ಆಣೆ ಇಟ್ಟು ಹೇಳಿದ್ದ ಜೀವವೊಂದು ನಮ್ಮ ಕಣ್ಣೆದುರೇ ಹಿಂದಿರುಗಿತು. ಜರ್ಮನಿಗೆ ಬಂದ ಮೇಲೆ ನಾನು ಬೆಚ್ಚಿಬಿದ್ದದ್ದು ಬಹಳ ಸಲ. ನನ್ನ ಜೊತೆ ಅವಳೂ ಬೆಚ್ಚಿದ್ದು ಅದೇ ಮೊದಲು.

ನಾನು ಕಿಬ್ಬನಹಳ್ಳಿಯವನು, ತೆಂಗು ಕೊಬ್ಬರಿ ಬಿಟ್ಟರೆ ಬೇರೇನೂ ಅರಿಯದವನು. ಹೆಂಡತಿ ಶಶಿಕಲಾ ಯೀಸ್ಟಿನ ಮೇಲೆ ಸಂಶೋಧನೆ ಮಾಡುತ್ತಾಳೆ. ತೋಟ ತಮ್ಮನಿಗೊಪ್ಪಿಸಿ ಅವಳ ಹಿಂದೆ ಹೊರಟಾಗ ಊರವರು ನಕ್ಕಿದ್ದೂ ನಕ್ಕಿದ್ದೇ. ನಮ್ಮಲ್ಲಿ ಕಾಯಿ ಒಣಗಿ ಕೊಬ್ಬರಿಯಾಗಲೆಂದೇ ಒಂದು ಅಟ್ಟವಿರುತ್ತದೆ; ಇಲ್ಲಿ ನಾವಿಬ್ಬರು ಬದುಕುವ ಮನೆ ಆ ಅಟ್ಟಕ್ಕಿಂತ ಚಿಕ್ಕದು. ಒಗ್ಗರಣೆ ಚಟಪಟ ಎಂದರೆ ಮೇಲಿನ ಮನೆಯ ಅಜ್ಜಿ ಕಿಟಕಿ ಮುಚ್ಚುತ್ತಾಳೆ. ಊರಲ್ಲಿ ಬಾಯಿಬಡುಕನಾಗಿದ್ದ ನಾನು ಇಲ್ಲಿ ಭಾಷೆ ಬಾರದೆ ಮೂಗನಾದೆ. ಬೇಕರಿಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕಲಿತ ಮೊದಲ ಮಾತು 'ಹೇಫೆ', ಅಂದರೆ ಯೀಸ್ಟು. ಮೊನ್ನೆ ಯಜಮಾನರು ಹಿಟ್ಟು ನಾದಲು ನನ್ನೊಬ್ಬನನ್ನೇ ಬಿಟ್ಟರು, ಹಿಗ್ಗಿಹೋದೆ.

ಎರಡು ವರ್ಷಕ್ಕೆ ವಾಪಸ್ಸು ಎಂದು ನಮ್ಮೊಳಗೆ ಮಾತಾಗಿತ್ತು. ಕಳೆದ ವಾರ ಊಟಕ್ಕೆ ಕೂತಾಗ ಶಶಿ ಬಾಯಿಬಿಟ್ಟಳು.

"ಇನ್ನೂ ಮೂರು ವರ್ಷ ಇರ್ತೀನಿ ಅಂತ ಒಪ್ಕೊಂಡ್ಬುಟ್ಟೆ ಕಣ್ರೀ."

ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. "ನನ್ನ ಒಂದ್ ಮಾತು ಕೇಳ್ಬೇಕು ಅನ್ನುಸ್ಲಿಲ್ವೇನೇ?"

"ಆಗೋಯ್ತಲ್ಲ. ನನ್ ಯೀಸ್ಟೂ ಅಷ್ಟೇಯ, ಒಂದ್ಸಲ ಮುಂದಕ್ಕೆ ಹೋಯ್ತು ಅಂದ್ರೆ ಹಿಂದಕ್ಕೆ ಬರಲ್ಲ."

"ಎಲ್ಲಿ, ತೋರ್ಸು. ಅದ್ನೂ ನೋಡೇಬುಡ್ತೀನಿ!"

ಹಾಗೆ ಭಾನುವಾರ ಅವಳ ಲ್ಯಾಬಿಗೆ ಹೋದೆವು. ಪರದೆಯ ತುಂಬ ಯೀಸ್ಟಿನ ಕೋಶಗಳು, ಹೆಚ್ಚಿನವುಗಳ ನಡುವೆ ಒಂದೊಂದು ಹಸಿರು ಚುಕ್ಕೆ. ಆ ಚುಕ್ಕೆಯೇ ಕೋಶ ಎರಡಾಗದಂತೆ ತಡೆಯುವ ಬ್ರೇಕು, ಕಾಣಲೆಂದು ಹೊಳೆಯುವಂತೆ ಮಾಡಿದ ಒಂದು ಪ್ರೋಟೀನು ಎಂದಳು. ಕೋಶ ತಿಂದು ದಪ್ಪಗಾದಂತೆ ಬ್ರೇಕು ತೆಳುವಾಗುತ್ತದಂತೆ, ಕೊನೆಗೆ ನಡುವಿನಿಂದ ಹೊರಬೀಳುತ್ತದಂತೆ. ಆಮೇಲೆ ಕೋಶ ತನ್ನ ಡಿಎನ್‌ಎಗೆ ಇನ್ನೊಂದು ಪ್ರತಿ ಮಾಡಿಕೊಂಡು ಎರಡಾಗುತ್ತದೆ. ಚುಕ್ಕೆ ಹೋಯಿತೆಂದರೆ ತೀರ್ಮಾನವಾದಂತೆ ಎಂದೇ ಅವಳು ಓದಿದ್ದು. ಹೋದ ಚುಕ್ಕೆ ಹಿಂದಿರುಗಿದ್ದನ್ನು ಕಂಡೆವೆಂದು ಬೇರೆ ಸಂಶೋಧಕರು ಯಾರೋ ಹೇಳಿದ್ದರಂತೆ, ಇವಳು ನಂಬಿರಲಿಲ್ಲ.

ಆಗಷ್ಟೇ ಚುಕ್ಕೆ ಕಳೆದುಕೊಂಡ ಕೋಶವೊಂದನ್ನು ತೋರಿಸಿ, ಸಕ್ಕರೆಯಿದ್ದ ದ್ರವ ತೆಗೆದು ಬರಿಯ ದ್ರವ ಹರಿಸಿದಳು. ಹೊಟ್ಟೆಗಿಲ್ಲದಿದ್ದರೂ ಅದು ಮುಂದಕ್ಕೇ ಹೋಗುತ್ತದೆ ಎಂದಳು. ಕಾದೆವು. ಕೋಶದ ನಡುವೆ ಮಬ್ಬಾಗಿ ಏನೋ ಮೂಡಿತು, ನೋಡನೋಡುತ್ತ ಹಸಿರಾಯಿತು.

"ಬಂತಲ್ಲೇ!" ಎಂದು ಕೂಗಿಯೇಬಿಟ್ಟೆ.

ಶಶಿಯ ಮುಖ ಬಿಳಿಚಿಕೊಂಡಿತ್ತು. "ಇದು ಡಿಎನ್‌ಎ ಪ್ರತಿ ಮಾಡೋಕೆ ಇನ್ನೂ ಶುರು ಮಾಡಿರ್ಲಿಲ್ಲ," ಎಂದಳು ಮೆಲ್ಲಗೆ. "ಶುರುವಾಗಿದ್ರೆ ಬರ್ತಿರ್ಲಿಲ್ಲ." ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. "ನಿಮ್ಮನ್ನ ಕೇಳ್ದೆ ಒಪ್ಪಿದ್ದು ತಪ್ಪು ಕಣ್ರೀ. ನಾಳೆನೇ ಬ್ಯಾಡ ಅಂತ ಹೇಳ್ಬುಡ್ತೀನಿ. ಊರಿಗೇ ಹೋಗೋಣ, ಹೂಂ ಅನ್ನಿ."

ವಾರವಿಡೀ ನಾನು ಜಗಳವಾಡಿದ್ದು ಇದಕ್ಕೇ ತಾನೇ! ಹೂಂ ಎನ್ನಲು ಬಾಯಿ ತೆರೆದೆ.

"ತಡಿಯೇ. ಈಗ್ಲೇ ಹೇಳ್ಬ್ಯಾಡ."

ಅಂದದ್ದು ನಾನೇ. ಆಗ ಕಣ್ಣ ಮುಂದೆ ಬಂದದ್ದು ತೋಟವಲ್ಲ, ಬೇಕರಿಯಲ್ಲಿ ನಾನೊಬ್ಬನೇ ನಾದಿದ ಹಿಟ್ಟು.

ಸಂಜೆ ತಮ್ಮ ಫೋನ್ ಮಾಡಿದ. "ಅಣ್ಣ, ಯಾವಾಗ್ ಬತ್ತೀಯಾ?"

"ಬತ್ತೀನಿ ಕಣ್ಲಾ," ಎಂದೆ. ಪಕ್ಕದಲ್ಲಿದ್ದ ಶಶಿ ನನ್ನನ್ನೇ ನೋಡಿದಳು. ಅವಳಿಗೆ ಹೇಳಿದ್ದೂ ನಿಜ, ಅವನಿಗೆ ಹೇಳಿದ್ದೂ ನಿಜ. ನನಗೆ ದಿಗಿಲಾದದ್ದು ಅದಕ್ಕೇ.