ನಡೆಸುವವನಿಲ್ಲದ ಬಂಡಿ

ಎಷ್ಟು ಹೊತ್ತಾಗುತ್ತದೆ, ದಾರಿ ಯಾವುದು ಎಂದು ಏನೇ ಕೇಳಲಿ, ಆಳಂದದ ಆ ಬಂಡಿಯವನದು ಒಂದೇ ಉತ್ತರ: "ಎತ್ತಿಗಿ ಗೊತ್ತದರಿ."

ಯುದ್ಧದ ಕಾಲ. ಅಫಜಲಪುರಕ್ಕೆ ಹೆಣ್ಣು ನೋಡಲು ಅವನ ಬಂಡಿಯಲ್ಲಿ ನಸುಕಿಗೇ ಹೊರಟಿದ್ದೆ. ನಡೆಸುವವನೇ ಇಲ್ಲದೆ ಹಾರುವ ವಿಮಾನ ಬಂದಿದೆಯಂತೆ, ಮುಂದೆ ಎಲ್ಲ ವಿಮಾನಗಳೂ ಹಾಗೇ ಆಗುತ್ತವಂತೆ ಎಂದು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ಅವನು ಮೂಗು ಮುರಿದ.

"ಅದ್ರಾಗೇನು ದೊಡ್ಡದದರಿ ಸಾಹೇಬ್ರ? ಇಲ್ನೋಡ್ರಿ," ಎಂದವನೇ ಹಗ್ಗ ಬಿಟ್ಟು, ರುಮಾಲು ಬಿಚ್ಚಿ ಮುಖಕ್ಕೆ ಹೊದ್ದು ಮಲಗಿಬಿಟ್ಟ. ಎತ್ತುಗಳು ನಡೆದೇ ಇದ್ದವು. ನೋಡುತ್ತ ನೋಡುತ್ತ ನನಗೂ ನಿದ್ದೆ ಹತ್ತಿತು.

ಒಂದು ಮನೆಯ ಮುಂದೆ ಬಂಡಿ ನಿಂತಾಗ ಬಿಸಿಲೇರಿತ್ತು. ಒಳಗಿಂದ ಮುದುಕಿಯೊಬ್ಬಳು ಕೊಡದಲ್ಲಿ ನೀರು ತಂದಳು. ಹೆಣ್ಣಿನ ಅಜ್ಜಿಯೇ ಇರಬೇಕೆಂದು ಟೋಪಿ ಸರಿಮಾಡಿಕೊಂಡು ಕೈ ಮುಗಿದೆ. ಆಕೆ ನನ್ನನ್ನು ದಾಟಿ ಹೋಗಿ ಎತ್ತುಗಳ ಕಾಲಿಗೆ ನೀರು ಹಾಕಿ, "ಮನಿ ಮರ್ತಿಲ್ಲ ನೋಡ್ರಿ ನನ್ನ ಮಕ್ಕಳು!" ಎಂದು ಕಣ್ಣೊರೆಸಿಕೊಂಡಳು. ಊರು ಹಿರೋಳ್ಳಿ, ನಾನು ಹೋಗಬೇಕಾದ ದಿಕ್ಕಿಗೆ ಬೆನ್ನು. ಆ ಎತ್ತುಗಳನ್ನು ಹದಿನೈದು ದಿನದ ಹಿಂದಷ್ಟೇ ಅವನು ಆ ಮನೆಯಿಂದ ಕೊಂಡಿದ್ದ.

ನಾನು ರೇಗಿದೆ. ಅವನು ರುಮಾಲು ಸುತ್ತಿಕೊಳ್ಳುತ್ತ ಸಮಾಧಾನವಾಗಿ ಹೇಳಿದ: "ಎತ್ತು ದಾರಿ ತಪ್ಪಿಲ್ಲರಿ ಸಾಹೇಬ್ರ. ನೀವು ಆ ವಿಮಾನ ಹತ್ತೂ ಮುಂದ, ಮೊದಲ ಅದು ಯಾರ ಮನ್ಯಾಗಿತ್ತು ಅಂತ ಕೇಳಿ ಹತ್ರಿ."